ಕಾಡಿನೊಳಗೆ ಆರ್ಗನ್ ಕಟ್ಟಿದ ಪಾದ್ರಿ: ಮಾರ್ಟಿನ್ ಷ್ಮಿಡ್ ಬಗ್ಗೆ ಒಂದು ಪ್ರಶ್ನೆ, ಒಂದು ಉದ್ದ ಉತ್ತರ

ಪ್ರಶ್ನೆ: ಒಂದು ಹಳೆಯ ಇಂಗ್ಲಿಷ್ ಸಿನಿಮಾದಲ್ಲಿ ಜೆಸ್ವಿಟ್ ಅನ್ನೋ ಕ್ಯಾಥೊಲಿಕ್ ಸಂಘದ ಪಾದ್ರಿಯೊಬ್ಬ ದಕ್ಷಿಣ ಅಮೆರಿಕದ ಕಾಡಲ್ಲಿ ಒಬ್ಬನೇ ಕೂತು ಓಬೋ ಅನ್ನೋ ವಾದ್ಯ ಊದುತ್ತಾನೆ. ಬಿಲ್ಲು ಹಿಡಿದು ಬಂದ ಬುಡಕಟ್ಟು ಜನ ಅದನ್ನು ಕೇಳಿ ಕರಗಿಬಿಡುತ್ತಾರೆ. ಇದು ನಿಜವಾಗಿ ನಡೆದದ್ದಾ? ಬೊಲಿವಿಯಾದಲ್ಲಿ ಮಾರ್ಟಿನ್ ಷ್ಮಿಡ್ ಅನ್ನೋ ಪಾದ್ರಿ ಸಂಗೀತ ಕಲಿಸಿ, ದೊಡ್ಡ ದೊಡ್ಡ ಮರದ ಚರ್ಚುಗಳನ್ನು ಕಟ್ಟಿದ ಅಂತ ಓದಿದೆ. ಒಬ್ಬನೇ ಅಷ್ಟೆಲ್ಲ ಮಾಡೋಕೆ ಸಾಧ್ಯವಾ? ಸಂಗೀತ ಅಲ್ಲಿ ಜನರನ್ನು ಹಿಡಿಯೋ ಬಲೆ ಆಗಿತ್ತಾ?

ಉತ್ತರ: ಒಂದೊಂದಾಗಿ ನೋಡೋಣ. ಮೊದಲು ಸಿನಿಮಾ ವಿಷಯ ಮುಗಿಸಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ.

ಆ ಸಿನಿಮಾ ಗ್ವಾರಾನಿ ಜನರ ಕಥೆ. ಅಂದರೆ ಈಗಿನ ಪರಗ್ವೆ, ಅರ್ಜೆಂಟೀನಾ, ಬ್ರೆಜಿಲ್ ಗಡಿಯ ಕಡೆಯದು. ಷ್ಮಿಡ್ ಇದ್ದದ್ದು ಅಲ್ಲಿಂದ ತುಂಬಾ ದೂರ, ಉತ್ತರಕ್ಕೆ, ಈಗಿನ ಪೂರ್ವ ಬೊಲಿವಿಯಾದ ಚಿಕಿಟೋಸ್ ಪ್ರದೇಶದಲ್ಲಿ. ಜೆಸ್ವಿಟರ ಲೆಕ್ಕದಲ್ಲಿ ಎರಡೂ ಒಂದೇ ಪರಗ್ವೆ ಪ್ರಾಂತ್ಯಕ್ಕೆ ಸೇರಿದ್ದವು, ಅದಕ್ಕೇ ಜನ ಬೆರೆಸಿಬಿಡುತ್ತಾರೆ. ಇನ್ನು ವಾದ್ಯ ಊದಿದ ತಕ್ಷಣ ಇಡೀ ಊರು ಹಿಂದೆ ಬಂತು ಅನ್ನೋದು ನೋಡೋಕೆ ಚೆಂದ, ಇತಿಹಾಸ ಅಷ್ಟು ಸಲೀಸಲ್ಲ. ಸಂಗೀತಕ್ಕೆ ಜನರನ್ನು ಸೆಳೆಯೋ ಶಕ್ತಿ ಇತ್ತು ಅಂತ ಜೆಸ್ವಿಟರೇ ಬರೆದಿದ್ದಾರೆ, ಅದು ಸುಳ್ಳೇನಲ್ಲ. ಆದರೆ ಜನ ಕಾಡು ಬಿಟ್ಟು ಬಂದು ನೆಲೆ ನಿಂತದ್ದಕ್ಕೆ ಇನ್ನೂ ಗಟ್ಟಿ ಕಾರಣಗಳಿದ್ದವು.

ಗುಲಾಮರ ಬೇಟೆ ದೊಡ್ಡ ಕಾರಣ. ಚಿಕಿಟೋಸ್ ಜನರಿಗೆ ಎರಡೂ ಕಡೆಯಿಂದ ಹೊಡೆತ. ಪಶ್ಚಿಮದಲ್ಲಿ ಸಾಂತಾ ಕ್ರೂಸ್ ಪಟ್ಟಣದ ಸ್ಪೇನಿನವರು ಆಳುಗಳಿಗಾಗಿ ಹಳ್ಳಿಗಳ ಮೇಲೆ ಬೀಳುತ್ತಿದ್ದರು. ಪೂರ್ವದಿಂದ ಸಾವೋ ಪಾವ್ಲೋ ಕಡೆಯ ಪೋರ್ಚುಗೀಸ್ ತಂಡಗಳು ಬಂದು ಹಿಡಿದುಕೊಂಡು ಹೋಗುತ್ತಿದ್ದವು. ಜೊತೆಗೆ ಯುರೋಪಿನಿಂದ ಬಂದ ರೋಗಗಳು. 1691ರಲ್ಲಿ ಹೋಸೆ ದೆ ಆರ್ಸೆ ಅನ್ನೋ ಜೆಸ್ವಿಟ್ ಬಂದು ಸಾನ್ ಹಾವಿಯರ್ ನೆಲೆ ಶುರು ಮಾಡಿದಾಗ ಜನರ ಮುಂದೆ ಇದ್ದ ಆಯ್ಕೆ ಹೀಗಿತ್ತು: ಕಾಡಲ್ಲೇ ಇದ್ದರೆ ಗುಲಾಮಗಿರಿಯ ಭಯ, ಪಾದ್ರಿಯ ಊರಿಗೆ ಬಂದರೆ ಗಂಟೆಯ ಶಿಸ್ತು ಇದ್ದರೂ ರಾಜನ ಕಾನೂನಿನ ರಕ್ಷಣೆ. ಕಬ್ಬಿಣದ ಕೊಡಲಿ, ಚಾಕು, ದನಕರು ಬೇರೆ ಸಿಗುತ್ತಿತ್ತು. ಕಲ್ಲಿನ ಕೊಡಲಿಯಲ್ಲಿ ಮರ ಕಡಿಯುತ್ತಿದ್ದವನಿಗೆ ಕಬ್ಬಿಣದ ಕೊಡಲಿ ಏನು ಅಂತ ಊಹಿಸಿಕೊಳ್ಳಿ. ನನ್ನನ್ನು ಕೇಳಿದರೆ ಓಬೋಗಿಂತ ಕೊಡಲಿಯೇ ಜಾಸ್ತಿ ಜನರನ್ನು ಕರೆತಂದಿರಬೇಕು.

ಈ ನೆಲೆಗಳನ್ನು ರಿಡಕ್ಷನ್ ಅಂತ ಕರೆಯುತ್ತಿದ್ದರು. ಚದುರಿದ ಜನರನ್ನು ಒಂದು ಕಡೆ ಸೇರಿಸಿ ಕಟ್ಟಿದ ಊರು. ನಡುವೆ ದೊಡ್ಡ ಚೌಕ, ಚೌಕದಲ್ಲಿ ಶಿಲುಬೆ, ಒಂದು ಬದಿಯಲ್ಲಿ ಚರ್ಚು, ಪಾದ್ರಿಗಳ ಮನೆ, ಶಾಲೆ, ಕಾರ್ಯಾಗಾರಗಳು. ಉಳಿದ ಮೂರು ಬದಿಯಲ್ಲಿ ಸಾಲು ಮನೆಗಳು. ಜೆಸ್ವಿಟರನ್ನು ಹೊರಹಾಕುವ ಹೊತ್ತಿಗೆ ಚಿಕಿಟೋಸ್‌ನಲ್ಲಿ ಇಂಥ 10 ಊರುಗಳಿದ್ದವು, ಎಲ್ಲಾ ಸೇರಿ ಸುಮಾರು 24,000 ಜನ. ಪ್ರತಿ ಊರಿಗೆ ಸಾಮಾನ್ಯವಾಗಿ ಇಬ್ಬರು ಪಾದ್ರಿಗಳು. ಈ ಲೆಕ್ಕ ನೆನಪಿಟ್ಟುಕೊಳ್ಳಿ. ಇಬ್ಬರು ಪಾದ್ರಿಗಳಿಂದ ಎರಡು ಸಾವಿರ ಚಿಲ್ಲರೆ ಜನರನ್ನು ಬರೀ ಹೆದರಿಸಿ ಇಟ್ಟುಕೊಳ್ಳೋದು ಆಗದ ಮಾತು. ದಿನದಿನದ ಆಡಳಿತ ನಡೆಸುತ್ತಿದ್ದದ್ದು ಬುಡಕಟ್ಟಿನ ಮುಖಂಡರ ಸಭೆ, ಅದಕ್ಕೆ ಕಬಿಲ್ದೋ ಅಂತ ಹೆಸರು. ಅದು ಇವತ್ತಿಗೂ ಇದೆ. ಮುಂದೆ ಮತ್ತೆ ಬರುತ್ತದೆ.

ಈಗ ಷ್ಮಿಡ್ ವಿಷಯ. ಹುಟ್ಟಿದ್ದು 1694ರಲ್ಲಿ, ಸ್ವಿಟ್ಜರ್ಲೆಂಡಿನ ತ್ಸೂಗ್ ಪ್ರಾಂತ್ಯದ ಬಾರ್ ಅನ್ನೋ ಊರಲ್ಲಿ. 1717ರಲ್ಲಿ ಜೆಸ್ವಿಟ್ ಸಂಘ ಸೇರಿದ. 1726ರಲ್ಲಿ ಮನೆ ಕಡೆಯಿಂದ ಹೊರಟವನು ಸ್ಪೇನಿನಲ್ಲಿ ಹಡಗಿಗಾಗಿ ಕಾದು ಕಾದು, ಬ್ಯೂನೋಸ್ ಐರಿಸ್ ಮುಟ್ಟಿದ್ದು 1729ರಲ್ಲಿ. ಅಲ್ಲಿಂದ ಒಳನಾಡು ಹಿಡಿದು 1730ರಲ್ಲಿ ಚಿಕಿಟೋಸ್. ಆಮೇಲೆ ಸುಮಾರು 37 ವರ್ಷ ಅಲ್ಲೇ.

ಅವನು ಕಸುಬಿನಿಂದ ವಾಸ್ತುಶಿಲ್ಪಿಯಲ್ಲ, ವೃತ್ತಿ ಸಂಗೀತಗಾರನೂ ಅಲ್ಲ. ಊರಲ್ಲಿ, ಓದುವಾಗ ಒಂದಿಷ್ಟು ಸಂಗೀತ ಕಲಿತಿದ್ದ, ಅಷ್ಟೇ. ಉಳಿದದ್ದನ್ನು ಅಲ್ಲಿಗೆ ಹೋಗಿ, ಮಾಡಿ ಮಾಡಿ ಕಲಿತ. ಆರ್ಗನ್ ಬೇಕಾಯಿತು, ಮಾಡೋದು ಕಲಿತ. ಪಿಟೀಲು ಬೇಕಾಯಿತು, ಕೆತ್ತಿದ. ಚರ್ಚು ಬೇಕಾಯಿತು, ಕಟ್ಟಿದ. 1744ರ ಒಂದು ಕಾಗದದಲ್ಲಿ ತನ್ನ ಬಗ್ಗೆ ತಾನೇ ಬರೆದುಕೊಂಡಿದ್ದಾನೆ: ಆರೋಗ್ಯವಾಗಿದ್ದೇನೆ, ಖುಷಿಯಾಗಿದ್ದೇನೆ, ಹಾಡುತ್ತೇನೆ, ಕೆಲವೊಮ್ಮೆ (ಆಲ್ಪ್ಸ್ ಬೆಟ್ಟದ ಕಡೆಯ) ಟಿರೋಲ್ ಶೈಲಿಯಲ್ಲೂ ಹಾಡುತ್ತೇನೆ, ವಾದ್ಯ ನುಡಿಸುತ್ತೇನೆ, ಕುಣಿಯುತ್ತೇನೆ ಅನ್ನೋ ಧಾಟಿ. ಧರ್ಮಪ್ರಚಾರಕ್ಕೆ ಬಂದವನು ಹೀಗೆ ಕುಣಿಯಬಹುದಾ ಅಂತ ಯಾರಾದರೂ ಕೇಳಿದರೆ, ನಾನು ಹಾಡಿ ಕುಣಿಯುವುದರಿಂದಲೇ ಇಲ್ಲಿ ಪ್ರಚಾರಕ ಆಗಿದ್ದೇನೆ ಅನ್ನೋದು ಅವನ ಉತ್ತರ. ಇದನ್ನು ಬರೆದಾಗ ಅವನಿಗೆ 50 ವರ್ಷ. ಜೆಸ್ವಿಟರ ಕಾಗದಗಳಲ್ಲಿ ಕಷ್ಟ, ಹಸಿವು, ಹುತಾತ್ಮರ ಕಥೆಗಳೇ ಜಾಸ್ತಿ ಇರುತ್ತವೆ, ಅವುಗಳ ನಡುವೆ ಈ ಮನುಷ್ಯನ ಕಾಗದ ಓದಿದರೆ ಮುಖದ ಮೇಲೆ ನಗು ಬರುತ್ತದೆ.

ಕಾಡಲ್ಲಿ ಆರ್ಗನ್ ಮಾಡೋದು ಅಂದರೆ ಏನು ಅಂತ ಸ್ವಲ್ಪ ಯೋಚಿಸಿ. ಆರ್ಗನ್‌ಗೆ ತಿದಿ ಬೇಕು, ಅದಕ್ಕೆ ಚರ್ಮ. ಅದು ಕಷ್ಟವಿಲ್ಲ, ಊರಿನ ತುಂಬಾ ದನ ಇದ್ದವು. ಗಾಳಿಯನ್ನು ಒಂದೊಂದು ಕೊಳವೆಗೂ ಹಂಚುವ ಪೆಟ್ಟಿಗೆ ಬೇಕು. ಅದರಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಒಂದು ಸ್ವರ ಒತ್ತಿದಾಗ ಪಕ್ಕದ್ದೂ ಅಳುತ್ತದೆ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗುವ ಮರದಲ್ಲಿ ಅದನ್ನು ಮಾಡಬೇಕು. ಮರದ ಕೊಳವೆಗಳನ್ನು ಅಲ್ಲೇ ಮಾಡಬಹುದು. ಲೋಹದ ಕೊಳವೆಗೆ ತವರ, ಸೀಸ ಬೇಕು, ಅವು ಆಂಡಿಸ್ ಬೆಟ್ಟದ ಕಡೆಯಿಂದ ಬರಬೇಕು. ಈ ಊರುಗಳು ಜೇನುಮೇಣ, ಹತ್ತಿಬಟ್ಟೆ ಬೆಟ್ಟದ ಪಟ್ಟಣಗಳಿಗೆ ಕಳಿಸಿ ಲೋಹ, ಉಪಕರಣ ತರಿಸಿಕೊಳ್ಳುತ್ತಿದ್ದವು. ಅಂದರೆ ಆ ಆರ್ಗನ್ನಿನ ಹಿಂದೆ ಕಾಡಿನ ಮರ ಹತ್ತಿ ಜೇನು ಇಳಿಸಿದವರು, ಹತ್ತಿ ನೂತ ಹೆಂಗಸರು ಎಲ್ಲರೂ ಇದ್ದಾರೆ. ಷ್ಮಿಡ್ ಒಬ್ಬನ ಕೆಲಸ ಅಂತ ಬರೆಯುವವರು ಇದನ್ನು ಮರೆಯುತ್ತಾರೆ.

ಪಿಟೀಲು, ಹಾರ್ಪ್, ದೊಡ್ಡ ಬಾಸ್ ವಾದ್ಯಗಳನ್ನೂ ಅಲ್ಲೇ ಮಾಡಿದರು, ಮುಖ್ಯವಾಗಿ ಸೀಡರ್ ಜಾತಿಯ ಮರದಲ್ಲಿ. ಮೊದಲ ಕೆಲವನ್ನು ಷ್ಮಿಡ್ ಮತ್ತು ಅವನ ಜೊತೆಯವರು ತೋರಿಸಿಕೊಟ್ಟರು, ಆಮೇಲೆ ಊರಿನ ಬಡಗಿಗಳೇ ಮಾಡಿದರು. ಶಾಲೆಯಲ್ಲಿ ಕೆಲವು ಹುಡುಗರನ್ನು ಆರಿಸಿ ಓದು, ಬರಹ, ಸ್ವರಲಿಪಿ ಕಲಿಸುತ್ತಿದ್ದರು. ಪ್ರತಿ ಊರಿನಲ್ಲೂ 30-40 ಜನರ ಹಾಡುಗಾರರ, ವಾದ್ಯಗಾರರ ಮೇಳ ಇರುತ್ತಿತ್ತು. ಮೇಳದವರಿಗೆ ಊರಲ್ಲಿ ಮರ್ಯಾದೆ ಬೇರೆ. ಅವರು ಸಾಮಾನ್ಯ ಕೂಲಿಗಳಲ್ಲ, ಕಬಿಲ್ದೋದ ಮುಖಂಡರ ಜೊತೆ ನಿಲ್ಲುವವರು. ಯಾವ ಸಮಾಜದಲ್ಲೇ ಆಗಲಿ, ಮರ್ಯಾದೆ ಸಿಗುವ ವಿದ್ಯೆಯನ್ನು ಅಪ್ಪ ಮಗನಿಗೆ ಕಲಿಸದೆ ಬಿಡುತ್ತಾನಾ? ವಂಶವಂಶವಾಗಿ ಅದು ಇಳಿಯಿತು.

ನುಡಿಸುತ್ತಿದ್ದದ್ದೇನು ಅಂದರೆ, ಆ ಕಾಲದ ಯುರೋಪಿನ ಬರೋಕ್ ಅನ್ನೋ ಅಲಂಕಾರದ ಶೈಲಿಯ ಸಂಗೀತ. ಇಲ್ಲಿ ದೊಮೆನಿಕೊ ತ್ಸಿಪೋಲಿ ಹೆಸರು ಹೇಳಲೇಬೇಕು. ಇಟಲಿಯ ಪ್ರಾಟೋದವನು, 1688ರಲ್ಲಿ ಹುಟ್ಟಿದವನು, ರೋಮಿನ ಜೆಸ್ವಿಟ್ ಚರ್ಚಿನಲ್ಲಿ ಆರ್ಗನ್ ವಾದಕ. 1716ರಲ್ಲಿ ಅವನ ಕೃತಿಗಳ ಪುಸ್ತಕ ಅಚ್ಚಾಗಿ ಹೆಸರು ಬರುತ್ತಿರುವ ಹೊತ್ತಿಗೇ ಎಲ್ಲಾ ಬಿಟ್ಟು ಜೆಸ್ವಿಟ್ ಆಗಿ ದಕ್ಷಿಣ ಅಮೆರಿಕಕ್ಕೆ ಹೊರಟುಬಿಟ್ಟ. ಅರ್ಜೆಂಟೀನಾದ ಕಾರ್ಡೋಬಾದಲ್ಲಿ ಓದು ಮುಗಿಸಿದ. ದೀಕ್ಷೆ ಕೊಡೋಕೆ ಬಿಷಪ್ ಇರಲಿಲ್ಲ. ಪಾದ್ರಿ ಆಗದೇ 1726ರಲ್ಲಿ ತೀರಿಕೊಂಡ. ಅವನು ಚಿಕಿಟೋಸ್ ಕಂಡವನೇ ಅಲ್ಲ. ಷ್ಮಿಡ್ ಈ ಖಂಡಕ್ಕೆ ಬರುವಷ್ಟರಲ್ಲಿ ಅವನು ಸತ್ತು 3 ವರ್ಷ ಆಗಿತ್ತು. ಆದರೆ ಅವನ ಸಂಗೀತ ಕೈಬರಹದ ಪ್ರತಿಗಳಾಗಿ ಊರಿಂದ ಊರಿಗೆ ಹೋಯಿತು, ಕಾಡಿನ ಮೇಳಗಳು ಅದನ್ನೇ ಜಾಸ್ತಿ ನುಡಿಸಿದವು. ತಮ್ಮಲ್ಲಿ ಇರುವ ವಾದ್ಯಕ್ಕೆ, ಇರುವ ಗಂಟಲಿಗೆ ತಕ್ಕಂತೆ ಬದಲಾಯಿಸಿಕೊಂಡು ನುಡಿಸಿದವು. ಷ್ಮಿಡ್ ಕೂಡ ಕೆಲವನ್ನು ಹೊಂದಿಸಿದ, ಕೆಲವನ್ನು ತಾನೇ ಬರೆದ. ಜೆಸ್ವಿಟ್ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಬಗ್ಗೆ ಒಂದು ಪುಟ್ಟ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಇದೆ, ಅದರಲ್ಲಿ ತ್ಸಿಪೋಲಿಯ ಪಾಲೂ ಇದೆ, ಷ್ಮಿಡ್ ಪಾಲೂ ಇದೆ ಅಂತ ವಿದ್ವಾಂಸರು ಹೇಳುತ್ತಾರೆ.

ಇನ್ನೊಂದು ಒಪೆರಾ ನಮಗೆ ಹತ್ತಿರದ್ದು. ಅದರ ನಾಯಕ ಸಂತ ಫ್ರಾನ್ಸಿಸ್ ಕ್ಸೇವಿಯರ್. ಹೌದು, ಹಳೆಯ ಗೋವಾದಲ್ಲಿ ಯಾರ ದೇಹ ಇಟ್ಟಿದ್ದಾರೋ, ಡಿಸೆಂಬರ್ 3ರ ಹಬ್ಬಕ್ಕೆ ನಮ್ಮ ಕರಾವಳಿಯಿಂದಲೂ ಜನ ಹೋಗುತ್ತಾರೋ, ಅದೇ ಕ್ಸೇವಿಯರ್. ಒಪೆರಾ ಇರೋದು ಲ್ಯಾಟಿನ್ನಿನಲ್ಲೂ ಅಲ್ಲ, ಸ್ಪ್ಯಾನಿಷ್‌ನಲ್ಲೂ ಅಲ್ಲ, ಚಿಕಿಟೋಸ್ ಜನರ ಚಿಕಿಟಾನೋ ಭಾಷೆಯಲ್ಲಿ. ಮೊದಲ ನೆಲೆಯಾದ ಸಾನ್ ಹಾವಿಯರ್‌ಗೂ ಅವನದೇ ಹೆಸರು.

ಚರ್ಚುಗಳ ಬಗ್ಗೆ ನೀವು ಕೇಳಿದ್ದು ಒಬ್ಬನಿಂದ ಸಾಧ್ಯವಾ ಅಂತ. ಷ್ಮಿಡ್ ಹೆಸರಿಗೆ ಗಟ್ಟಿಯಾಗಿ ನಿಲ್ಲೋದು ಮೂರು: ಸಾನ್ ರಫಾಯೆಲ್, ಸಾನ್ ಹಾವಿಯರ್, ಕಾನ್ಸೆಪ್ಸಿಯಾನ್. 1740ರ ದಶಕದ ಕೊನೆಯಿಂದ 1750ರ ದಶಕದ ನಡುವಿನ ತನಕ ಒಂದಾದ ಮೇಲೊಂದು ಎದ್ದವು. ಅಂದರೆ ಬಂದು ಸುಮಾರು 15 ವರ್ಷದ ಮೇಲೆ ಅವನು ಕಟ್ಟಡಕ್ಕೆ ಕೈ ಹಾಕಿದ್ದು. ಅಷ್ಟರಲ್ಲಿ ಕೆಲಸಗಾರರು ತಯಾರಾಗಿದ್ದರು, ಭಾಷೆ ಬಂದಿತ್ತು, ಕಾಡಿನ ಯಾವ ಮರ ಎಷ್ಟು ಬಾಳುತ್ತದೆ ಅಂತ ತಿಳಿದವರು ಜೊತೆಗಿದ್ದರು.

ಕಟ್ಟುವ ಕ್ರಮ ನಮ್ಮ ಮಲೆನಾಡಿನ ಕಂಬದ ಮನೆಗಳನ್ನು ನೋಡಿದವರಿಗೆ ಬೇಗ ಅರ್ಥ ಆಗುತ್ತದೆ: ಭಾರ ಹೊರುವುದೆಲ್ಲ ಕಂಬ, ಗೋಡೆ ಬರೀ ಮರೆ. ಗಟ್ಟಿ ಜಾತಿಯ ದೊಡ್ಡ ಮರಗಳನ್ನು ಕಡಿದು ತಂದು, ಇಡೀ ಕಾಂಡವನ್ನೇ ಕಂಬ ಮಾಡಿ ನೆಲದಲ್ಲಿ ಹೂತು ನಿಲ್ಲಿಸುತ್ತಿದ್ದರು. ಒಳಗೆ ಎರಡು ಸಾಲು ಕಂಬ, ಅದರಿಂದ ಮೂರು ಅಂಕಣ. ಹೊರಗೆ ಎರಡೂ ಬದಿಗೆ ಇನ್ನೊಂದೊಂದು ಸಾಲು, ಅದರ ಕೆಳಗೆ ಉದ್ದ ಜಗಲಿ. ಮೇಲೆ ಒಂದೇ ದೊಡ್ಡ ಇಳಿಜಾರು ಮಾಡು, ಹೆಂಚು. ಮಾಡು ನಿಂತ ಮೇಲೆ ಕಂಬಗಳ ನಡುವೆ ಹಸಿ ಇಟ್ಟಿಗೆ ಗೋಡೆ. ಇದರಲ್ಲಿ ಒಂದು ಜಾಣತನ ಇದೆ. ಮಾಡು ಮೊದಲೇ ಇರುವುದರಿಂದ ಮಳೆ ಬಂದರೂ ಮಣ್ಣಿನ ಕೆಲಸ ನಿಲ್ಲೋದಿಲ್ಲ, ಅಗಲವಾದ ಸೂರು ಇರುವುದರಿಂದ ಮಣ್ಣಿನ ಗೋಡೆಗೆ ಎರಚಲು ಬಡಿಯೋದಿಲ್ಲ. ಕಲ್ಲು, ಸುಣ್ಣ ಸುಲಭವಾಗಿ ಸಿಗದ ಕಡೆ ಇದಕ್ಕಿಂತ ಒಳ್ಳೆ ದಾರಿ ಇರಲಿಲ್ಲ. ದೊಡ್ಡ ಕಲ್ಲಿನ ಮುಖ ಇರುವ ಒಂದು ಚರ್ಚೂ ಅಲ್ಲಿದೆ, ಸಾನ್ ಹೋಸೆಯಲ್ಲಿ. ಅದು ಷ್ಮಿಡ್‌ನದಲ್ಲ.

ಕಂಬಗಳನ್ನು ಸುಮ್ನೆ ದುಂಡಗೆ ಬಿಡಲಿಲ್ಲ. ಸುರುಳಿ ಸುರುಳಿಯಾಗಿ, ಹಗ್ಗ ಹೊಸೆದ ಹಾಗೆ ಕೆತ್ತಿದರು. ಇದು ರೋಮಿನ ಬರೋಕ್ ಕಂಬಗಳ ಮಾದರಿ. ಅಲ್ಲಿ ಕಂಚು, ಅಮೃತಶಿಲೆ. ಇಲ್ಲಿ ಬಾಚಿ ಹಿಡಿದು ಇಡೀ ಮರದ ಕಾಂಡದಿಂದ ತೆಗೆದದ್ದು. ಹತ್ತಿರ ಹೋಗಿ ನೋಡಿದರೆ ಒಂದು ಕಂಬದ ಸುರುಳಿ ಇನ್ನೊಂದರ ಹಾಗೆ ಇರೋದಿಲ್ಲ. ಒಂದು ಬಿಗಿ, ಒಂದು ಸಡಿಲ. ಕೆತ್ತಿದವನ ಕೈ ಗೊತ್ತಾಗುತ್ತದೆ, ಹೆಸರು ಮಾತ್ರ ಎಲ್ಲೂ ಇಲ್ಲ. ಗೋಡೆಗೆ ಅಲ್ಲಿನದೇ ಕೆಂಪು, ಹಳದಿ, ಕಂದು ಮಣ್ಣಿನ ಬಣ್ಣದಲ್ಲಿ ಹೂ, ಬಳ್ಳಿ, ಹುಸಿ ಕಂಬಗಳ ಚಿತ್ರ. ಹೊಳಪು ಬೇಕಾದ ಕಡೆ ಅಭ್ರಕದ ತೆಳು ಹಾಳೆ ಅಂಟಿಸಿದರು. ಚಿನ್ನ ದುಬಾರಿ, ಅಭ್ರಕ ಅಲ್ಲೇ ಸಿಗುತ್ತಿತ್ತು. ಮೇಣದಬತ್ತಿ ಬೆಳಕಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ಕಾಣಲಿಕ್ಕಿಲ್ಲ.

ಹಾಗಾದರೆ ಉತ್ತರ: ಯೋಜನೆ, ಅಳತೆ, ಬರೋಕ್‌ನ ರುಚಿ ಷ್ಮಿಡ್‌ನದು. ಮರದ ಜ್ಞಾನ, ಮೈಬಲ, ಕೆತ್ತನೆ ಚಿಕಿಟಾನೋ ಜನರದು. ಇದು ಬರೀ ಔದಾರ್ಯದ ಮಾತಲ್ಲ, ಇದಕ್ಕೆ ಸಾಕ್ಷಿ ಇದೆ. ಸಾಂತಾ ಆನಾ ಅನ್ನೋ ಊರಿನ ಚರ್ಚು ಕಟ್ಟಿದ್ದು ಜೆಸ್ವಿಟರು ಹೋದ ಮೇಲೆ. ಊರಿನವರೇ ಅದೇ ಪದ್ಧತಿಯಲ್ಲಿ ಕಟ್ಟಿಕೊಂಡರು. ಇವತ್ತು ಯುನೆಸ್ಕೋ ಪಟ್ಟಿಯಲ್ಲಿರುವ ಆರು ಚರ್ಚುಗಳಲ್ಲಿ ಅದೂ ಒಂದು, ಅಲ್ಲಿ ಹಳೆಯ ಆರ್ಗನ್ನೂ ಉಳಿದಿದೆ. ನನಗಂತೂ ಆರರಲ್ಲಿ ಜಾಸ್ತಿ ಇಷ್ಟ ಅದೇ. ಆಡಂಬರ ಕಡಿಮೆ.

ಈಗ ನಿಮ್ಮ ಕೊನೆಯ, ಸ್ವಲ್ಪ ಚುಚ್ಚುವ ಪ್ರಶ್ನೆ. ಬಲೆಯಾ?

ಬಲೆಯ ಅಂಶ ಇತ್ತು. ಮುಚ್ಚಿಡೋದು ಯಾಕೆ? ಪಾದ್ರಿಗಳು ಬಂದದ್ದೇ ಮತಾಂತರಕ್ಕೆ, ಸಂಗೀತ ಅದರ ಸಾಧನ ಅಂತ ಅವರೇ ಬರೆದುಕೊಂಡಿದ್ದಾರೆ. ಬೆಳಿಗ್ಗೆ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಪ್ರಾರ್ಥನೆ, ಗಂಟೆ ಹೊಡೆದರೆ ಹೊಲ. ತಪ್ಪಿದರೆ ಛಡಿಯೇಟು ಇತ್ತು. ಒಬ್ಬನಿಗೆ ಹಲವು ಹೆಂಡಿರಿದ್ದ ಪದ್ಧತಿ, ಕುಡಿತದ ಹಬ್ಬಗಳು ಎಲ್ಲದಕ್ಕೂ ಕಡಿವಾಣ. ಎಲ್ಲಕ್ಕಿಂತ ದೊಡ್ಡ ನಷ್ಟ ಭಾಷೆಗಳದ್ದು. ಈ ಊರುಗಳಿಗೆ ಹತ್ತಾರು ಬೇರೆ ಬೇರೆ ಗುಂಪುಗಳ ಜನ ಬಂದಿದ್ದರು, ಒಬ್ಬೊಬ್ಬರದು ಒಂದೊಂದು ಮಾತು. ಆಡಳಿತಕ್ಕೆ, ಪ್ರಾರ್ಥನೆಗೆ ಸುಲಭ ಅಂತ ಪಾದ್ರಿಗಳು ಚಿಕಿಟಾನೋವನ್ನು ಎಲ್ಲರ ಭಾಷೆ ಮಾಡಿದರು. ಸ್ಪ್ಯಾನಿಷ್ ಹೇರಲಿಲ್ಲ ಅಂತ ಹೊಗಳುವವರಿದ್ದಾರೆ, ಅದು ನಿಜವೂ ಹೌದು. ಆದರೆ ಉಳಿದ ಸಣ್ಣ ಭಾಷೆಗಳು ಅದರಡಿ ಅಳಿದವು, ಅದೂ ಅಷ್ಟೇ ನಿಜ. ಚಿಕಿಟಾನೋ ಒಪೆರಾ ಕೇಳಿ ಖುಷಿಪಡುವಾಗ ನನಗೆ ಇದು ನೆನಪಾಗುತ್ತದೆ.

ಆದರೆ ಬಲೆ ಅಂದರೆ ಬೇಟೆಗಾರ ಹೋದ ಮೇಲೆ ಹಕ್ಕಿ ಹಾರಿಹೋಗಬೇಕು ತಾನೇ? ಹಾಗೆ ಆಗಲಿಲ್ಲ. ನನಗೆ ಈ ಇಡೀ ಕಥೆಯಲ್ಲಿ ಮುಖ್ಯ ಅನಿಸೋದು 1767ರಿಂದ ಮುಂದಿನ ಭಾಗ. ದುರದೃಷ್ಟಕ್ಕೆ ಎಲ್ಲರೂ ಅಲ್ಲಿಗೆ ಕಥೆ ಮುಗಿಸುತ್ತಾರೆ.

1767ರಲ್ಲಿ ಸ್ಪೇನಿನ ರಾಜ 3ನೇ ಕಾರ್ಲೋಸ್ ತನ್ನ ಸಾಮ್ರಾಜ್ಯದಿಂದ ಎಲ್ಲಾ ಜೆಸ್ವಿಟರನ್ನು ಹೊರಹಾಕಿದ. ಸೈನಿಕರು ಚಿಕಿಟೋಸ್‌ಗೂ ಬಂದರು. ಚರ್ಚಿನ ಬೆಳ್ಳಿ ಎಷ್ಟು, ದನ ಎಷ್ಟು, ಪಿಟೀಲು ಎಷ್ಟು, ಹಾರ್ಪ್ ಎಷ್ಟು ಅಂತ ಊರಿಂದೂರಿಗೆ ಪಟ್ಟಿ ಮಾಡಿದರು (ಇವತ್ತು ನಮಗೆ ಇಷ್ಟು ವಿವರ ಗೊತ್ತಿರೋದು ಆ ಪಟ್ಟಿಗಳ ಪುಣ್ಯದಿಂದಲೂ ಹೌದು). ಷ್ಮಿಡ್‌ಗೆ ಆಗ 70 ದಾಟಿತ್ತು. ಆ ವಯಸ್ಸಲ್ಲಿ ಅವನನ್ನು ಆಂಡಿಸ್ ದಾಟಿಸಿ, ಹಡಗು ಹತ್ತಿಸಿ ಸ್ಪೇನಿಗೆ ಸಾಗಿಸಿದರು. ಅವನ ಜೊತೆಗಾರ, ಸಂಗೀತದಲ್ಲೂ ಜೊತೆಯಾಗಿದ್ದ ಯೋಹಾನ್ ಮೆಸ್ನರ್ ಆ ಪಯಣದಲ್ಲೇ ಬೆಟ್ಟದ ದಾರಿಯಲ್ಲಿ ಸತ್ತ. ಸ್ಪೇನಿನಲ್ಲಿ ತಡೆದಿಟ್ಟಿದ್ದವರು ಕೊನೆಗೆ ಬಿಟ್ಟ ಮೇಲೆ ಷ್ಮಿಡ್ ಸ್ವಿಟ್ಜರ್ಲೆಂಡಿಗೆ ಮರಳಿ, 1772ರಲ್ಲಿ ಲೂಸರ್ನ್‌ನಲ್ಲಿ ತೀರಿಕೊಂಡ. ಮರುವರ್ಷ ಪೋಪ್ ಜೆಸ್ವಿಟ್ ಸಂಘವನ್ನೇ ರದ್ದು ಮಾಡಿದರು.

ಪಾದ್ರಿಗಳು ಹೋದರು, ಮೇಳಗಳು ನಿಲ್ಲಲಿಲ್ಲ. ಕಬಿಲ್ದೋದವರು ಚರ್ಚು, ವಾದ್ಯ, ಸ್ವರಲಿಪಿ ಎಲ್ಲವನ್ನೂ ತಮ್ಮ ವಶದಲ್ಲಿ ಇಟ್ಟುಕೊಂಡರು. ಹಾಳೆ ಹರಿದರೆ ಹೊಸದಾಗಿ ನಕಲು ಮಾಡಿದರು. 1790ರಲ್ಲಿ, ಪಕ್ಕದ ಮೋಹೋಸ್ ಪ್ರದೇಶದ ಸಾನ್ ಪೆದ್ರೋ ಊರಿನ ಕನಿಚಾನಾ ಬುಡಕಟ್ಟಿನ ಮೂವರು, ಫ್ರಾನ್ಸಿಸ್ಕೊ ಸೆಮೋ, ಮಾರ್ಸೆಲಿನೊ ಇಚೋ, ಹುವಾನ್ ಹೋಸೆ ನೋಸಾ, ಸ್ಪೇನಿನ ರಾಣಿ ಮರಿಯಾ ಲೂಯಿಸಾಳ ಗೌರವಕ್ಕೆ ಸಂಗೀತ ಬರೆದು ಸಹಿ ಹಾಕಿದ್ದಾರೆ. ಜೆಸ್ವಿಟರು ಹೋಗಿ 20 ವರ್ಷದ ಮೇಲೆ! ಬುಡಕಟ್ಟಿನವರು ನಕಲು ಮಾಡಬಲ್ಲರು, ಸ್ವಂತ ರಚಿಸಲಾರರು ಅಂತ ಹೇಳುವವರ ಬಾಯಿ ಮುಚ್ಚಿಸೋಕೆ ಈ ಒಂದು ಕಾಗದ ಸಾಕು. 1831ರ ಸುಮಾರಿಗೆ ಫ್ರೆಂಚ್ ವಿಜ್ಞಾನಿ ಅಲ್ಸಿದ್ ದೋರ್ಬಿನ್ಯಿ ಚಿಕಿಟೋಸ್‌ಗೆ ಬಂದಾಗಲೂ ಅಲ್ಲಿನ ಚರ್ಚಿನ ಸಂಗೀತ ಕೇಳಿ ಬೆರಗಾಗಿದ್ದಾನೆ.

ಆಮೇಲಿನ ನೂರು ವರ್ಷ ಕೆಟ್ಟದಾಗಿ ಹೋಯಿತು. ದನದ ಜಮೀನ್ದಾರರು ನೆಲ ಕಬಳಿಸಿದರು, ರಬ್ಬರ್ ಕಾಲದಲ್ಲಿ ಸಾಲದ ಜೀತಕ್ಕೆ ಗಂಡಸರನ್ನು ಕಾಡಿಗೆ ಎಳೆದೊಯ್ದರು. ಮೇಳ ಚಿಕ್ಕದಾಯಿತು, ಕಂಬದ ಬುಡ ಕೊಳೆಯಿತು, ಹೆಂಚು ಜಾರಿತು. ಸಾನ್ ಇಗ್ನಾಸಿಯೋ ಊರಿನ ಹಳೆಯ ಚರ್ಚು ಹೋಗೇಬಿಟ್ಟಿತು. ಈಗ ಅಲ್ಲಿರೋದು ಹೊಸದಾಗಿ ಕಟ್ಟಿದ್ದು.

1972ರಲ್ಲಿ ಹಾನ್ಸ್ ರೋಟ್ ಅನ್ನೋ ಸ್ವಿಸ್ ವಾಸ್ತುಶಿಲ್ಪಿ ಸಾನ್ ರಫಾಯೆಲ್ ಚರ್ಚು ರಿಪೇರಿಗೆ ಬಂದ. ಸ್ವಲ್ಪ ದಿನ ಇದ್ದು ಹೋಗಬೇಕಾದವನು 1999ರಲ್ಲಿ ಸಾಯುವ ವರ್ಷದವರೆಗೂ ಈ ಕೆಲಸಕ್ಕೇ ಅಂಟಿಕೊಂಡ. ಸಾನ್ ರಫಾಯೆಲ್, ಸಾಂತಾ ಆನಾಗಳಲ್ಲಿ ಅವನಿಗೆ ಹಳೆಯ ಸಂಗೀತದ ಹಾಳೆಗಳು ಸಿಕ್ಕವು. ಸಿಕ್ಕವು ಅಂತ ಎಲ್ಲರೂ ಬರೆಯುತ್ತಾರೆ, ಆದರೆ ಕಳೆದಿದ್ದರೆ ತಾನೇ ಸಿಗೋದು? ಊರಿನವರು ಅವನ್ನು ಎರಡು ಶತಮಾನ ಜೋಪಾನ ಮಾಡಿಟ್ಟಿದ್ದರು. ಒಟ್ಟು 5,000ಕ್ಕೂ ಹೆಚ್ಚು ಹಾಳೆಗಳು. ಅಂಚು ಹುಳ ತಿಂದಿದೆ, ಶಾಯಿ ಹರಡಿದೆ, ಒಂದು ಕೃತಿಯ ಪಿಟೀಲಿನ ಭಾಗ ಇದ್ದರೆ ಹಾಡಿನ ಭಾಗ ಇಲ್ಲ. ಈಗ ಅವು ಕಾನ್ಸೆಪ್ಸಿಯಾನ್‌ನ ಸಂಗ್ರಹದಲ್ಲಿವೆ. ಪೋಲೆಂಡಿನ ಪಾದ್ರಿ, ಸಂಗೀತ ವಿದ್ವಾಂಸ ಪಿಯೋತ್ರ್ ನಾವ್ರೋತ್ ವರ್ಷಗಟ್ಟಲೆ ಕೂತು ಅವನ್ನು ಜೋಡಿಸಿ ಪ್ರಕಟಿಸಿದ್ದಾರೆ. ಈ ಬಗೆಯ ಕೆಲಸ ಎಷ್ಟು ಬೇಸರದ್ದು ಅಂತ ಹಳೆಯ ತಾಳೆಗರಿ ಜೋಡಿಸಿದವರನ್ನು ಕೇಳಿ.

ರೋಟ್ ಮಾಡಿದ ದುರಸ್ತಿ ಬಗ್ಗೆ ತಕರಾರೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಅವನು ಬಿದ್ದದ್ದನ್ನು ಎತ್ತಿ ನಿಲ್ಲಿಸಿ ಸುಮ್ಮನಾಗಲಿಲ್ಲ, ಕಾನ್ಸೆಪ್ಸಿಯಾನ್‌ನಂಥ ಕಡೆ ಬಹಳಷ್ಟನ್ನು ಹೊಸದಾಗಿ ಕೆತ್ತಿಸಿದ, ಬಣ್ಣ ಬಳಿಸಿದ. ಇವತ್ತು ಅಲ್ಲಿ ನೋಡುವ ಹೊಳೆಯುವ ಒಳಾಂಗಣದಲ್ಲಿ 18ನೇ ಶತಮಾನದ್ದು ಯಾವುದು, 20ನೇ ಶತಮಾನದ್ದು ಯಾವುದು ಅಂತ ಹೇಳೋದು ಕಷ್ಟ. ಕಟ್ಟುನಿಟ್ಟಿನ ಸಂರಕ್ಷಣೆಯವರು ಇದನ್ನು ಒಪ್ಪೋದಿಲ್ಲ. ನಾನು ಅರ್ಧ ಒಪ್ಪುತ್ತೇನೆ. ಹಳೆಯದರ ಗುರುತು ಉಳಿಸಬೇಕಿತ್ತು, ಸರಿ. ಆದರೆ ಆ ಕೆಲಸದಿಂದ ನೂರಾರು ಸ್ಥಳೀಯರು ಮತ್ತೆ ಬಾಚಿ, ಉಳಿ ಹಿಡಿದರು. ಮರದ ಕಟ್ಟಡದಲ್ಲಿ ಕೊಳೆತ ಕಂಬವನ್ನು ಬದಲಾಯಿಸೋದು ಮೊದಲಿಂದಲೂ ಇರುವ ಪದ್ಧತಿ. ಷ್ಮಿಡ್ ಕಾಲದ ಮರವೇ ಇರಬೇಕು ಅಂತ ಹಟ ಹಿಡಿದರೆ ಮಾಡೇ ಬೀಳುತ್ತದೆ, ಅಲ್ವಾ?

ಜನರ ಹಳೆಯ ನಂಬಿಕೆಗಳೆಲ್ಲ ಅಳಿಸಿಹೋದವು ಅಂತಲೂ ಅಂದುಕೊಳ್ಳಬೇಡಿ. ಸಾನ್ ಹಾವಿಯರ್‌ನಲ್ಲಿ ಜೂನ್ 29ರ ಸಂತ ಪೀಟರ್, ಪಾಲ್ ಹಬ್ಬದಲ್ಲಿ ಯಾರಿತುಸೆಸ್ ಅನ್ನೋ ಕುಣಿತ ಇದೆ. ಮುಖವಾಡ, ತಲೆ ಮೇಲೆ ಗರಿ. ಅದರ ಬೇರು ಕ್ರೈಸ್ತ ಧರ್ಮಕ್ಕಿಂತ ಹಿಂದಿನದು, ಕುಣಿಯೋದು ಕ್ರೈಸ್ತ ಹಬ್ಬದಲ್ಲಿ, ಷ್ಮಿಡ್ ಕಟ್ಟಿಸಿದ ಚರ್ಚು ಇರುವ ಊರಲ್ಲಿ. ಕುಣಿಯುವವರಿಗೆ ಇದರಲ್ಲಿ ಯಾವ ವಿರೋಧವೂ ಕಾಣೋದಿಲ್ಲ.

1990ರಲ್ಲಿ ಯುನೆಸ್ಕೋ ಸಾನ್ ಹಾವಿಯರ್, ಕಾನ್ಸೆಪ್ಸಿಯಾನ್, ಸಾಂತಾ ಆನಾ, ಸಾನ್ ಮಿಗೆಲ್, ಸಾನ್ ರಫಾಯೆಲ್, ಸಾನ್ ಹೋಸೆ ಈ ಆರನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. 1996ರಿಂದ ಎರಡು ವರ್ಷಕ್ಕೊಮ್ಮೆ ಬರೋಕ್ ಸಂಗೀತೋತ್ಸವ ನಡೆಯುತ್ತಿದೆ. ಯುರೋಪಿನ ತಂಡಗಳೂ ಬರುತ್ತವೆ, ಊರಿನ ಮಕ್ಕಳ ಆರ್ಕೆಸ್ಟ್ರಾಗಳೂ ನುಡಿಸುತ್ತವೆ. ಹಳೆಯ ಕಾಲದಲ್ಲಿ ಆರಿಸಿ ಕಲಿಸುತ್ತಿದ್ದದ್ದು ಹುಡುಗರಿಗೆ. ಈಗಿನ ಆರ್ಕೆಸ್ಟ್ರಾಗಳಲ್ಲಿ ಹುಡುಗಿಯರೂ ಪಿಟೀಲು ಹಿಡಿದು ಕೂತಿರುತ್ತಾರೆ. ಇಲ್ಲಿ ಒಂದು ಸಣ್ಣ ಎಚ್ಚರಿಕೆ: ಈ ವಿಷಯ ಬಂದಾಗಲೆಲ್ಲ ಉರುಬಿಚಾ ಊರಿನ ಪಿಟೀಲು ಮಾಡುವವರ ಹೆಸರು ಬರುತ್ತದೆ. ಆ ಊರು ಗ್ವಾರಾಯೋ ಜನರದು, ಅಲ್ಲಿ ಕೆಲಸ ಮಾಡಿದ್ದು ಫ್ರಾನ್ಸಿಸ್ಕನ್ ಪಾದ್ರಿಗಳು, ಅದೂ 19ನೇ ಶತಮಾನದಲ್ಲಿ. ಅವರ ಕೈಕಸುಬು ಅದ್ಭುತ, ಆದರೆ ಅದನ್ನು ಷ್ಮಿಡ್ ಲೆಕ್ಕಕ್ಕೆ ಬರೆಯಬೇಡಿ.

ಹೋಗುವ ಮನಸ್ಸಿದ್ದರೆ ಸಾಂತಾ ಕ್ರೂಸ್‌ನಿಂದ ಸಾನ್ ಹಾವಿಯರ್ ಸುಮಾರು 220 ಕಿ.ಮೀ., ಅದೇ ರಸ್ತೆಯಲ್ಲಿ ಇನ್ನಷ್ಟು ಮುಂದೆ ಕಾನ್ಸೆಪ್ಸಿಯಾನ್. ಹೋಗೋಕೆ ಆಗದಿದ್ದರೆ ಮನೆಯಲ್ಲೇ ಕೇಳಿ. ಮೊದಲು ತ್ಸಿಪೋಲಿ ರೋಮಿನಲ್ಲಿದ್ದಾಗ ಬರೆದ ಆರ್ಗನ್ ಕೃತಿಗಳು. ಆಮೇಲೆ ಚಿಕಿಟೋಸ್ ಹಾಳೆಗಳಲ್ಲಿ ಉಳಿದ ಅವನ ಪ್ರಾರ್ಥನಾ ಸಂಗೀತ. ಎರಡನೆಯದು ಸರಳ, ಹಾಡುವ ದನಿಗಳು ಕಡಿಮೆ, ಎರಡು ಪಿಟೀಲು ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ. ಸಾಧ್ಯವಾದರೆ ಬೊಲಿವಿಯಾದವರೇ ಹಾಡಿದ ಧ್ವನಿಮುದ್ರಣ ಹುಡುಕಿ. ಯುರೋಪಿನ ತಂಡಗಳು ತುಂಬಾ ನಯವಾಗಿ ಹಾಡಿಬಿಡುತ್ತವೆ.